ಚಿನ್ನ ಕಪ್ಪಾದದ್ದೇಕೆ: ಮೈಸೂರು ಚಿತ್ರವೊಂದರ ಬಣ್ಣದ ದಾಖಲೆ, ಮುಂದುವರಿದ ಟಿಪ್ಪಣಿ

ಕೊನೆಗೂ ಚಿನ್ನವು ಪರದೆಯ ಮೇಲೆ ಚಿನ್ನವೆಂದು ಗುರುತು ಸಿಗುವ ಹಂತಕ್ಕೆ ಬಂದಿದೆ. ಗೆಳೆಯರ ಮನೆಯ ಹಳೆಯ ಮೈಸೂರು ಶೈಲಿಯ ರಾಜರಾಜೇಶ್ವರಿ ಚಿತ್ರವನ್ನು ಬಣ್ಣ ಕೆಡದಂತೆ ಡಿಜಿಟಲ್ ರೂಪಕ್ಕೆ ತರುವ ಈ ಕೆಲಸದಲ್ಲಿ ಕ್ಯಾಮೆರಾದ ಜೋಡಣೆ, 24 ಚೌಕಗಳ ಬಣ್ಣದ ಕಾರ್ಡಿನಿಂದ ಪ್ರೊಫೈಲ್ (ಕ್ಯಾಮೆರಾದ ಬಣ್ಣಗಳನ್ನು ತಿದ್ದುವ ಕೋಷ್ಟಕ) ತಯಾರಿಕೆ, ಕ್ಯಾಮೆರಾದ ಕಚ್ಚಾ ದತ್ತಾಂಶವಾದ ರಾ ಫೈಲುಗಳ ಸಂಸ್ಕರಣೆ ಎಲ್ಲವೂ ಎಂದಿನಂತೆಯೇ ಮುಗಿದವು. ಅವುಗಳ ವಿವರ ಇಲ್ಲಿ ಬೇಡ. ಕಾಡಿದ್ದು ಒಡವೆ, ಸಿಂಹಾಸನಗಳ ಮೇಲೆ ಅಂಟಿಸಿದ ಚಿನ್ನದ ರೇಕು, ಅಂದರೆ ತೆಳು ಹಾಳೆ, ಮಾತ್ರ.

ವಾರ್ನಿಶ್‌ನ ಹೊಳಪನ್ನು ತೆಗೆಯಲು ನಾವೆಲ್ಲ ಮಾಡುವಂತೆ ದೀಪಗಳ ಮುಂದೆ ಪೋಲರೈಸಿಂಗ್ ಫಿಲ್ಮ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಕಟ್ಟಿ, ಲೆನ್ಸಿನ ಮೇಲಿನ ಅಂಥದ್ದೇ ಫಿಲ್ಟರನ್ನು ಅದಕ್ಕೆ ಅಡ್ಡವಾಗಿ ತಿರುಗಿಸಿದೆ. ಬಣ್ಣದ ಪದರದೊಳಗೆ ಹೊಕ್ಕು ಚದುರಿ ಬರುವ ಬೆಳಕು ತನ್ನ ಧ್ರುವೀಕರಣವನ್ನು, ಅಂದರೆ ಆ ಒಂದೇ ದಿಕ್ಕಿನ ಕಂಪನವನ್ನು, ಕಳೆದುಕೊಂಡಿರುವುದರಿಂದ ಫಿಲ್ಟರನ್ನು ದಾಟುತ್ತದೆ. ಮೇಲ್ಮೈಯಿಂದಲೇ ನೇರವಾಗಿ ಪ್ರತಿಫಲಿಸಿದ ಬೆಳಕು ಅಲ್ಲಿಯೇ ತಡೆಯಲ್ಪಡುತ್ತದೆ. ಸೀರೆಯ ಹಸಿರೂ ಚಿತ್ರದಲ್ಲಿ ದೇವಿಯ ಹಿಂದಿರುವ ಪರದೆಯ ಕೆಂಪೂ ಎಂದೂ ಕಾಣದಷ್ಟು ಆಳವಾಗಿ ಎದ್ದು ಬಂದವು. ಆದರೆ ಲೋಹದೊಳಗೆ ಬೆಳಕು ಹೊಕ್ಕು ಚದುರುವುದೇ ಇಲ್ಲವಾದ್ದರಿಂದ, ಚಿನ್ನದಿಂದ ಬಂದ ಬೆಳಕೆಲ್ಲವೂ ಹೊಳಪಿನ ಲೆಕ್ಕಕ್ಕೆ ಸೇರಿ ಅಳಿಸಿಹೋಗಿ, ಚಿನ್ನ ಕಪ್ಪಾಗಿ ಕಂಡಿತು. ದೇವಿಯ ಒಡವೆಗಳನ್ನು ಯಾರೋ ಗಿರವಿಗಿಟ್ಟು ಕಬ್ಬಿಣದ ನಕಲುಗಳನ್ನು ತೊಡಿಸಿ ಕಳುಹಿಸಿದಂತಿತ್ತು.

ಇದರ ನಡುವೆ ಮಾರಾಟಗಾರರ ಕೃಪೆ ಬೇರೆ. ಅಂಚಿಗೆ ಸಮಾಂತರವಾದ ಅಕ್ಷವುಳ್ಳ (ಬೆಳಕನ್ನು ಬಿಡುವ ಕಂಪನದ ದಿಕ್ಕು ಅಂಚಿನ ಜೊತೆ ಸಾಗುವ) ಫಿಲ್ಮ್ ಬೇಕೆಂದು ಬರೆದಿದ್ದರೂ 45 ಡಿಗ್ರಿಯದು ಬಂತು. ವಿಚಾರಿಸಿದರೆ ‘ತಿರುಗಿಸಿ ಹಾಕಿಕೊಳ್ಳಿ ಸಾರ್’ ಎಂಬ ಉತ್ತರ. ಆಯತಾಕಾರದ ಹಾಳೆಯನ್ನು ಓರೆಯಾಗಿ ತಿರುಗಿಸಿದರೆ ದೀಪದ ಮೂಲೆಗಳನ್ನು ಮುಚ್ಚುವವರು ಯಾರು? ಎಲ್‌ಇಡಿ ದೀಪದ ಪೆಟ್ಟಿಗೆಯ ಮೇಲೆ ‘ಸಿಆರ್‌ಐ 95’ ಎಂದು ದೊಡ್ಡದಾಗಿ ಅಚ್ಚಾಗಿತ್ತು. ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆಂದು ಹೇಳುವ ಆ ಸಂಖ್ಯೆಯು ಮೊದಲ 8 ಮಾದರಿ ಬಣ್ಣಗಳ ಸರಾಸರಿ ಮಾತ್ರವಾಗಿದ್ದು, ಗಾಢ ಕೆಂಪಿನ ಅಳತೆಯಾದ ಆರ್ 9 ಅದರಲ್ಲಿ ಸೇರುವುದೇ ಇಲ್ಲ. ಚಿತ್ರದ ಕೆಂಪು ಪರದೆ ಕಂದು ಬಣ್ಣಕ್ಕೆ ತಿರುಗಿದಾಗ ದೀಪವನ್ನೇ ಬದಲಾಯಿಸಬೇಕಾಯಿತು.

ಇನ್ನು ಚಿನ್ನದ ವಿಷಯ. ಪರಿಹಾರ ಸಿಕ್ಕಿದ್ದು ವ್ಯವಕಲನದಲ್ಲಿ. ಕ್ಯಾಮೆರಾ, ದೀಪ, ಎಕ್ಸ್‌ಪೋಶರ್ ಯಾವುದನ್ನೂ ಅಲುಗಿಸದೆ ಫಿಲ್ಟರನ್ನು ಮಾತ್ರ 90 ಡಿಗ್ರಿ ತಿರುಗಿಸಿ ಇನ್ನೊಂದು ಚಿತ್ರ ತೆಗೆದರೆ, ಅದರಲ್ಲಿ ಚದುರಿದ ಬೆಳಕಿನ ಅರ್ಧ ಭಾಗದ ಜೊತೆಗೆ ಹೊಳಪೂ ಪೂರ್ತಿಯಾಗಿ ಇರುತ್ತದೆ. ಮೊದಲಿನದರಲ್ಲಿ ಚದುರಿದ ಬೆಳಕಿನ ಉಳಿದರ್ಧ ಮಾತ್ರ. ಎರಡನ್ನೂ ಗಾಮಾ ವಕ್ರರೇಖೆ (ಪರದೆಗಾಗಿ ಪ್ರಕಾಶವನ್ನು ತಿದ್ದುವ ಲೆಕ್ಕ) ತಗುಲದ, ಬೆಳಕಿನ ಪ್ರಮಾಣವನ್ನು ಇದ್ದಂತೆಯೇ ಹೇಳುವ 16 ಬಿಟ್ ಲೀನಿಯರ್ ಫೈಲುಗಳಾಗಿ ತೆಗೆದು ಒಂದರಿಂದ ಇನ್ನೊಂದನ್ನು ಕಳೆದಾಗ ಬರಿಯ ಹೊಳಪು ಉಳಿಯಿತು. ಅದರಲ್ಲಿ ಚಿನ್ನವೂ ಇತ್ತು, ವಾರ್ನಿಶ್‌ನ ಹಾಳು ಮಿನುಗೂ ಇತ್ತು. ಇವೆರಡನ್ನು ಬೇರ್ಪಡಿಸಲು ಆಕಾರವನ್ನು ನಂಬಿ, ಅಂಚುಗಳನ್ನು ಕೈಯಿಂದ ಬಿಡಿಸುತ್ತ ಕುಳಿತರೆ ಆಯಸ್ಸು ಸಾಲದು. ಬಣ್ಣವನ್ನು ನಂಬಿದರೆ ಸಾಕು: ವಾರ್ನಿಶ್‌ನ ಮೇಲ್ಮೈ ಹೊಳಪು ದೀಪದ ಬಣ್ಣವನ್ನೇ ಹೊತ್ತಿರುತ್ತದೆ, ಚಿನ್ನವಾದರೋ ಕೆಂಪನ್ನು ಬಹುತೇಕ ಪೂರ್ತಿಯಾಗಿ ಹಿಂದಿರುಗಿಸಿ ನೀಲಿಯನ್ನು ಅರ್ಧಕ್ಕಿಂತ ಕಡಿಮೆ ಹಿಂದಿರುಗಿಸುತ್ತದೆ. ಪ್ರತಿ ಪಿಕ್ಸೆಲ್‌ನಲ್ಲಿ ನೀಲಿಯನ್ನು ಕೆಂಪಿನಿಂದ ಭಾಗಿಸಿದಾಗ ಕಿರೀಟ, ಕಂಠೀಹಾರ, ಸಿಂಹಾಸನಗಳು ತಾವಾಗಿಯೇ ಬೇರೆಯಾದವು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ಬೇಕಾದದ್ದು ಕೆಲವೇ ಸಾಲುಗಳು.

ಆದರೂ ಒಂದೇ ದಿಕ್ಕಿನ ದೀಪಕ್ಕೆ ರೇಕಿನ ಸಮತಟ್ಟಾದ ಭಾಗಗಳು ಮಂಕಾಗಿಯೇ ಉಳಿಯುತ್ತವೆ. ಮೈಸೂರು ಚಿತ್ರಗಳಲ್ಲಿ ರೇಕಿನ ಕೆಳಗಿನ ಗೆಸ್ಸೋ (ಅಂಟು ಬೆರೆಸಿದ ಲೇಪ) ಉಬ್ಬು ತಂಜಾವೂರಿನದಕ್ಕಿಂತ ಬಹಳ ತೆಳುವಾದ್ದರಿಂದ, ಅದರ ಏರಿಳಿತವು ಓರೆಯ ಬೆಳಕಿಗಷ್ಟೇ ಒಲಿಯುತ್ತದೆ. ದೀಪವನ್ನು ಚಿತ್ರದ ಸುತ್ತ ಸರಿಸುತ್ತ, ಪ್ರತಿ ಸ್ಥಾನದಲ್ಲೂ ಇದೇ ವ್ಯವಕಲನ ಮಾಡಿ, ಅತ್ಯಂತ ಪ್ರಕಾಶವಾದ ಪಿಕ್ಸೆಲ್‌ಗಳನ್ನು ಆರಿಸಿ ಸೇರಿಸಿದ್ದೇನೆ. ದೀಪ ಸರಿದಂತೆಲ್ಲ ಫಿಲ್ಮಿನ ಅಕ್ಷವನ್ನೂ ಸರಿಪಡಿಸುವ ರಗಳೆಯಿಂದ ಬೇಸತ್ತು ಮುಂದಿನ ಯೋಜನೆಯನ್ನು ಈಗಲೇ ಘೋಷಿಸುತ್ತಿದ್ದೇನೆ: ಒಳಗೆಲ್ಲ ಪುಟ್ಟ ದೀಪಗಳಿರುವ ಒಂದು ಗುಮ್ಮಟ. ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ವಿಧಾನದಿಂದ ಬೆಳೆದುಬಂದ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಶನ್ ಇಮೇಜಿಂಗ್) ತಂತ್ರದಲ್ಲಿ, ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಸೇರಿಸಿದ ಮೇಲೆ, ನೋಡುವವರೇ ಪರದೆಯ ಮೇಲೆ ಬೆಳಕಿನ ದಿಕ್ಕನ್ನು ಬದಲಾಯಿಸಬಹುದು. ಗುಮ್ಮಟಕ್ಕೆ ಒಪ್ಪುವ ಅರೆಗೋಳಾಕಾರದ ಪ್ಲಾಸ್ಟಿಕ್ ಟಬ್ಬಿಗಾಗಿ ಪಾತ್ರೆ ಅಂಗಡಿಗಳಲ್ಲಿ ಅಳತೆಪಟ್ಟಿ ಹಿಡಿದು ಅಲೆಯುತ್ತಿರುವುದನ್ನು ಮನೆಯವರು ಇನ್ನೂ ಪ್ರಶ್ನಿಸಿಲ್ಲ.

ಈ ನಡುವೆ ಚಿನ್ನದ ಮಾಸ್ಕ್ (ಮೇಲಿನ ಭಾಗಾಕಾರದಿಂದ ಸಿಕ್ಕ, ಚಿನ್ನವಿರುವ ಜಾಗಗಳನ್ನಷ್ಟೇ ತೋರಿಸುವ ಚಿತ್ರ) ನಿರೀಕ್ಷಿಸದ ಒಂದು ಸುಳಿವನ್ನೂ ಕೊಟ್ಟಿದೆ. ಸಿಂಹಾಸನದ ಬಲಗಾಲಿನ ಮೇಲ್ಭಾಗದಲ್ಲಿ, ಬರಿಗಣ್ಣಿಗೆ ಮಾಸಿದ ರೇಕಿನಂತೆ ಕಾಣುವ ಒಂದು ತುಣುಕು ಮಾಸ್ಕಿನಲ್ಲಿ ಖಾಲಿಯಾಗಿದೆ. ಅಲ್ಲಿನ ಹೊಳಪು ಬಿಳಿ, ಅಂದರೆ ಅದು ಲೋಹವಲ್ಲ, ಹಳದಿ ಬಣ್ಣ. ರೇಕು ಉದುರಿದ ಮೇಲೆ ಯಾರೋ ಜಾಣತನದಿಂದ ತೇಪೆ ಹಾಕಿರಬೇಕು. ಗೆಳೆಯರಿಗೆ ತೋರಿಸಿದೆ, ಮನೆಯ ಹಿರಿಯರನ್ನು ಕೇಳಿ ಹೇಳುವುದಾಗಿ ತಿಳಿಸಿದ್ದಾರೆ.