ಫ್ಲ್ಯಾಟ್ ಹೊಸದಾದರೂ ಬಾಡಿಗೆ ಕಾಯ್ದೆ ತಪ್ಪದು

ಊರಲ್ಲಿ ಮನೆ ಬಾಡಿಗೆಗೆ ಕೊಟ್ಟು ರೂಢಿಯಿದ್ದ ನಮ್ಮವರು ಮಹಾರಾಷ್ಟ್ರಕ್ಕೆ ಬಂದು ಪುಣೆಯ ವಾಕಡ್‌ನಲ್ಲೋ ಮುಂಬಯಿ ಹತ್ತಿರದ ಡೊಂಬಿವಿಲಿಯಲ್ಲೋ ಫ್ಲ್ಯಾಟ್ ಕೊಂಡಾಗ ಒಂದು ಲೆಕ್ಕ ಹಾಕುತ್ತಾರೆ: ಬಾಡಿಗೆ ಕಾಯ್ದೆ ಹಳೇ ಚಾಳುಗಳಿಗೆ, ಹೊಸ ಕಟ್ಟಡಕ್ಕೆ ಅದರ ಗೊಡವೆ ಯಾಕೆ? ಕರ್ನಾಟಕದಲ್ಲಿ ಈ ಲೆಕ್ಕ ಸರಿ. ಅಲ್ಲಿನ 1999ರ ಕಾಯ್ದೆ ಹೊಸ ಕಟ್ಟಡಕ್ಕೆ 15 ವರ್ಷ ಅನ್ವಯಿಸುವುದಿಲ್ಲ. ಮಹಾರಾಷ್ಟ್ರದ ಕಾಯ್ದೆಯೂ 1999ರದ್ದೇ, 2000ದ ಮಾರ್ಚ್ 31ರಂದು ಜಾರಿಗೆ ಬಂತು. ಆದರೆ ಅದರಲ್ಲಿ ಕಟ್ಟಡದ ವಯಸ್ಸು ನೋಡಿ ಕೊಡುವ ಇಂಥ ವಿನಾಯಿತಿ ಇಲ್ಲ.

ನಿನ್ನೆ ಓಸಿ (ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ) ಬಂದ ಫ್ಲ್ಯಾಟಿನಲ್ಲಿ ಇವತ್ತು ಒಬ್ಬರನ್ನು ಬಾಡಿಗೆದಾರರೆಂದು ಕೂರಿಸಿದಿರೋ, ಬಿಡಿಸುವುದು ಕಷ್ಟ. ಬಾಕಿಗಾಗಿ ದಾವೆ ಹೂಡಬೇಕಾದರೆ ಲಿಖಿತ ನೋಟಿಸ್ ಕೊಟ್ಟು 90 ದಿನ ಕಾಯಬೇಕು. ಆಮೇಲೂ ಅವರು ಸಮನ್ಸ್ ತಲುಪಿದ 90 ದಿನದೊಳಗೆ ಬಾಕಿ, 15% ಬಡ್ಡಿ, ಖರ್ಚು ಎಲ್ಲ ಕೋರ್ಟಿಗೆ ಕಟ್ಟಿ, ಮುಂದೆಯೂ ತಪ್ಪದೆ ಕಟ್ಟುತ್ತ ಹೋದರೆ ಖಾಲಿ ಮಾಡಿಸುವ ಆದೇಶ ಸಿಗುವುದಿಲ್ಲ. ಸ್ವಂತಕ್ಕೆ ಬೇಕು ಅಂದರೂ ಯಾರಿಗೆ ಹೆಚ್ಚು ಕಷ್ಟವೆಂದು ಕೋರ್ಟ್ ತೂಗಿ ನೋಡುತ್ತದೆ.

ಅದಕ್ಕೇ ಇಲ್ಲಿ ಎಲ್ಲರೂ ಲೀವ್ ಅಂಡ್ ಲೈಸೆನ್ಸ್ (ಬಾಡಿಗೆದಾರಿಕೆ ಕೊಡದೆ, ಇಂತಿಷ್ಟು ಅವಧಿಗೆ ಇರಲು ಅನುಮತಿ ಮಾತ್ರ ಕೊಡುವ ಕರಾರು) ಮಾಡುವುದು. 24ನೇ ಕಲಮಿನ ಪ್ರಕಾರ, ವಾಸಕ್ಕೆ ಲೈಸೆನ್ಸ್ ಪಡೆದವರು ಅವಧಿ ಮುಗಿದ ಕೂಡಲೇ ಬಿಡಬೇಕು. ಬಿಡದಿದ್ದರೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ. ಕೂತಷ್ಟು ದಿನಕ್ಕೂ ಲೈಸೆನ್ಸ್ ಶುಲ್ಕದ ದುಪ್ಪಟ್ಟು ಪರಿಹಾರ. ಎದುರಿನವರು ಸಮನ್ಸ್ ತಲುಪಿದ 30 ದಿನದೊಳಗೆ ಅಫಿಡವಿಟ್ ಹಾಕಿ ವಾದಿಸಲು ಅನುಮತಿ ಕೇಳದಿದ್ದರೆ ನಿಮ್ಮ ಅರ್ಜಿಯಲ್ಲಿದ್ದದ್ದನ್ನು ಒಪ್ಪಿಕೊಂಡಂತೆ. ಲಿಖಿತ ಲೈಸೆನ್ಸ್ ಕರಾರಿನಲ್ಲಿ ಬರೆದದ್ದೇ ಅಂತಿಮ ಸಾಕ್ಷ್ಯ, ಅದರ ವಿರುದ್ಧ ಬಾಯಿಮಾತು ನಡೆಯುವುದಿಲ್ಲ.

ಕೆಡುವುದು ಕಾಗದದಲ್ಲೇ. ಏಜೆಂಟ್ ಸ್ಟ್ಯಾಂಪ್ ಪೇಪರಿನ ಮೇಲೆ ನೋಟರಿ ಮಾಡಿಸಿ ಕೊಡುವ 11 ತಿಂಗಳ ಕರಾರು ಸಾಲದು. 11 ತಿಂಗಳಾದರೂ ನೋಂದಣಿ ಕಡ್ಡಾಯ, ಆ ಹೊಣೆ ಮಾಲೀಕರದ್ದು. ತಪ್ಪಿದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡಕ್ಕಿಂತ ಕೆಟ್ಟದ್ದು ಬೇರೆಯಿದೆ: ತಕರಾರು ಬಂದಾಗ ಷರತ್ತುಗಳ ಬಗ್ಗೆ ಒಳಗಿದ್ದವರು ಹೇಳಿದ್ದೇ ನಿಜ, ಸುಳ್ಳೆಂದು ಸಾಬೀತು ಮಾಡುವ ಭಾರ ನಿಮ್ಮದು.

ಇಷ್ಟಕ್ಕೂ ಖರ್ಚೆಷ್ಟು? ತಿಂಗಳಿಗೆ 30,000, ಡಿಪಾಸಿಟ್ 1 ಲಕ್ಷ, 24 ತಿಂಗಳು ಅನ್ನಿ. ಒಟ್ಟು ಶುಲ್ಕ 7,20,000. ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ 10%ರಂತೆ 20,000. ಕೂಡಿದ 7,40,000ಕ್ಕೆ 0.25% ಅಂದರೆ 1,850 ರೂಪಾಯಿ ಸ್ಟ್ಯಾಂಪ್ ಡ್ಯೂಟಿ, ನಗರದಲ್ಲಿ 1,000 ನೋಂದಣಿ ಶುಲ್ಕ. ಇದನ್ನು ಉಳಿಸಲು ಹೋಗುವವರನ್ನು ಕಂಡರೆ ಆಶ್ಚರ್ಯವಾಗುತ್ತದೆ.

ಇಂಡೆಕ್ಸ್-2 (ನೋಂದಣಿಯಾದ ಕರಾರಿನ ಸಾರಾಂಶ ಪತ್ರ) ಜೋಪಾನವಾಗಿಡಿ. ರಸೀದಿಯಲ್ಲಿ ‘ಭಾಡೆ’ (ಮರಾಠಿಯಲ್ಲಿ ಬಾಡಿಗೆ) ಅಂತ ಬರೆಯದೆ ಲೈಸೆನ್ಸ್ ಶುಲ್ಕ ಅಂತಲೇ ಬರೆಯಿರಿ. ಮುಂದುವರಿಸುವುದಾದರೆ ಅವಧಿ ಮುಗಿಯುವ ಮುಂಚೆ ಹೊಸ ಕರಾರು ನೋಂದಾಯಿಸಿ. ಮುಗಿದ ಮೇಲೆ ಸುಮ್ಮನೆ ತಿಂಗಳು ತಿಂಗಳು ಹಣ ಪಡೆಯುತ್ತಿದ್ದರೆ, ಬಾಡಿಗೆದಾರಿಕೆ ಹುಟ್ಟಿದೆ ಎಂದು ವಾದಿಸಲು ಅವರಿಗೆ ದಾರಿ ನೀವೇ ಮಾಡಿಕೊಟ್ಟಂತೆ.

ಹೊಸ ಕಟ್ಟಡದ ಕೆಳಗಿನ ಗಾಳಾವನ್ನು (ಅಂಗಡಿ ಮಳಿಗೆಯನ್ನು) ಹೋಟೆಲಿಗೆ ಕೊಡುವವರಿಗೆ ಈ ಶೀಘ್ರ ದಾರಿ ಇಲ್ಲ, 24ನೇ ಕಲಂ ವಾಸದ ಮನೆಗೆ ಮಾತ್ರ. ಮುಂಬಯಿಯಲ್ಲಾದರೆ ಇಂಥ ವ್ಯಾಜ್ಯ ನೋಡುವ ಸ್ಮಾಲ್ ಕಾಸಸ್ ಕೋರ್ಟಿಗೇ ಹೋಗಬೇಕು. ಪಾವತಿಯಾದ ಷೇರು ಬಂಡವಾಳ 1 ಕೋಟಿ ಅಥವಾ ಹೆಚ್ಚಿರುವ ಕಂಪನಿಗೆ ಬಾಡಿಗೆಗೆ ಕೊಟ್ಟರೆ ಈ ಕಾಯ್ದೆಯೇ ಅನ್ವಯಿಸದು. ಅಣ್ಣತಮ್ಮಂದಿರು ಪಾಲುದಾರರಾಗಿ ನಡೆಸುವ ಹೋಟೆಲು ಆ ಲೆಕ್ಕಕ್ಕೆ ಬರುವುದಿಲ್ಲ.