ಗಾಲಿಯ ಔಟು, ಮುಂದಿನ ಖೋಲಿ

16 ಏಪ್ರಿಲ್ 2025, ಬುಧವಾರ
ಕಲಬುರಗಿ, ರಾತ್ರಿ

ಕರೆಂಟು ಈಗ ಬಂತು. ಕೂಲರ್‌ಗೆ ಎರಡು ಕೊಡ ನೀರು ಸುರಿದು ಕೂತಿದ್ದೇನೆ. ನಿದ್ದೆ ಬರುವ ಹಾಗೆ ಕಾಣುತ್ತಿಲ್ಲ. ಮಧ್ಯಾಹ್ನದಿಂದ ಒಂದೇ ವಿಷಯ ತಲೆಯಲ್ಲಿ ಸುತ್ತುತ್ತಿದೆ.

ಬೇಸಿಗೆ ಟೈಮಿಂಗ್ ಶುರುವಾಗಿದೆ. ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಕಡೆ ಸರ್ಕಾರಿ ಆಫೀಸು ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗೀತು. ಬೆಳಿಗ್ಗೆ ಸೈಕಲ್ ತುಳಿಯೋದು ಹಿತ. ಬ್ರಹ್ಮಪುರದ ಓಣಿಯಲ್ಲಿ ಅಂಗಳಕ್ಕೆ ನೀರು ಹೊಡೆದಿರುತ್ತಾರೆ, ಕಾಲಿಗೆ ತಂಪು ತಾಗುತ್ತದೆ. ವಾಪಸು ಬರೋದೇ ಕಷ್ಟ. ತಲೆಗೆ ಸೆರಗು ಸುತ್ತಿಕೊಂಡು, ಜಗತ್ ಸರ್ಕಲ್ ದಾಟಿ ಸೂಪರ್ ಮಾರ್ಕೆಟ್ ಕಡೆ ತಿರುಗುವಷ್ಟರಲ್ಲಿ ಹ್ಯಾಂಡಲ್ ಹಿಡಿಯಲಾರದಷ್ಟು ಕಾದಿರುತ್ತದೆ.

ಇವತ್ತು ಒಂದು ಆಟೋ ಅಡ್ಡ ಬಂತು. ತಪ್ಪಿಸಲು ಹೋಗಿ ಹಿಂದಿನ ಗಾಲಿ ತಗ್ಗಿಗೆ ಬಿತ್ತು. ನನಗೇನೂ ಆಗಲಿಲ್ಲ. ಆದರೆ ಅಲ್ಲಿಂದ ಒಂದೊಂದು ಸುತ್ತಿಗೂ ಗಾಲಿ ಬ್ರೇಕಿನ ರಬ್ಬರಿಗೆ ತಾಗಿ ಚುರ್ ಚುರ್ ಅನ್ನತೊಡಗಿತು. ಇಳಿದು ತಳ್ಳಿಕೊಂಡು ಸೈಕಲ್ ರಿಪೇರಿ ಮಾಡುವ ಚಾಚಾನ ಹತ್ತಿರ ಹೋದೆ.

ಚಾಚಾ ಬೇವಿನ ಮರದ ಕೆಳಗೆ ಎಂದಿನಂತೆ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಸೈಕಲ್ ನೋಡಿದವರೇ "ಔಟ್ ಆಗ್ಯಾದ ಬೇಟಿ, ಕೂಡು" ಅಂದರು. ಔಟ್ ಅಂದರೆ ಗಾಲಿ ಸೊಟ್ಟ ಆಗಿದೆ ಅಂತ.

ನನ್ನ ಸೈಕಲ್ ಅಂದರೆ, ದೊಡ್ಡ ಮಗಳಿಗೆ 8ನೇ ತರಗತಿಯಲ್ಲಿ ಶಾಲೆಯಿಂದ ಸಿಕ್ಕಿದ್ದು. 2006-07ರಲ್ಲಿ ಸರ್ಕಾರ ಶುರು ಮಾಡಿದ ಯೋಜನೆ ಅದು. ಇವಳಿಗೆ ಬಂದದ್ದು 2012ರಲ್ಲಿ. ಅವಳು ಕಾಲೇಜಿಗೆ ಸೇರಿದ ಮೇಲೆ ಮೂಲೆಯಲ್ಲಿ ನಿಂತಿತ್ತು. ಮನೆ ಕಟ್ಟಿಸಿ ಕೈ ಖಾಲಿಯಾದಾಗ ನಾನು ತುಳಿಯಲು ಶುರು ಮಾಡಿದೆ. ಮೊದಲು ನಾಚಿಕೆ ಆಗ್ತಿತ್ತು. ಈಗ ಅದಿಲ್ಲದೆ ಆಗೋದಿಲ್ಲ.

ಚಾಚಾ ಸೈಕಲ್ಲನ್ನು ಬೋರಲು ಹಾಕಿ ಗಾಲಿ ತಿರುಗಿಸಿದರು. ಎಡಗೈ ಹೆಬ್ಬೆರಳನ್ನು ಫ್ರೇಮಿಗೆ ಊರಿ, ಉಗುರನ್ನು ರಿಮ್ಮಿನ ಹತ್ತಿರ ಹಿಡಿದರು. ಗಾಲಿ ಎಲ್ಲಿ ಉಗುರಿಗೆ ತಾಗುತ್ತದೋ ಅಲ್ಲಿ ನಿಲ್ಲಿಸಿ ಸೀಮೆಸುಣ್ಣದ ಗೆರೆ ಎಳೆದರು. ಆಮೇಲೆ ಕಡ್ಡಿಗಳನ್ನು ಒಂದೊಂದಾಗಿ ಬೆರಳಿಂದ ಮೀಟುತ್ತಾ ಬಂದರು. ಟಿಣ್, ಟಿಣ್, ಟಿಣ್, ಆಮೇಲೆ ಒಂದು ಟಪ್. "ಇದು ಸಡಲ ಆಗ್ಯಾದ" ಅಂತ ಚಾವಿ ಹಾಕಿ ಅದನ್ನು ಕಾಲು ಸುತ್ತು ಬಿಗಿ ಮಾಡಿದರು. ಎದುರಿನ ಕಡ್ಡಿಯನ್ನು ಕಾಲು ಸುತ್ತು ಸಡಿಲ ಮಾಡಿದರು. ಮತ್ತೆ ತಿರುಗಿಸಿ ನೋಡಿದರು. ಒಮ್ಮೆಗೇ ಬಿಗಿ ಮಾಡಿದರೆ ಗಾಲಿ ಇನ್ನೊಂದು ಕಡೆ ಜಗ್ಗುತ್ತದಂತೆ.

"ಹಳೇ ಸೈಕಲಿಗಿ ಮುಂದ 32 ಕಡ್ಡಿ, ಹಿಂದ 40 ಇರ್ತಿದ್ವು. ಭಾರ ಹಿಂದ ಬೀಳ್ತದಲ್ಲ. ಒಂದು ಸಡಲ ಆತಂದ್ರ ಬಾಜೂದ್ದು ಎರಡು ಸಾಯ್ತಾವ ಅದರ ಭಾರ ಹೊತ್ತು."

ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗಾಲಿ ಕಡೆ ನೋಡುತ್ತಲೇ ಅಂದರು.

"ಈ ತಿಂಗಳ ಆಖ್ರಿಗಿ ಇಲ್ಲಿಂದ ಹೋಗ್ತೀನಿ ಬೇಟಿ."

"ಎಲ್ಲಿಗ್ರಿ ಚಾಚಾ?"

"ಹಿಂದಿನ ಗೋಡಿ ಒಡೀತಾರ. ಕಾಂಪ್ಲೆಕ್ಸ್ ಬರ್ತದಂತ. ಮಾಲಕ್ರು ಛಲೋ ಮನಷ್ಯಾರು, ಎರಡು ತಿಂಗಳ ಮೊದಲೇ ಹೇಳ್ಯಾರ. ಮಗ ರಿಂಗ್ ರೋಡ್ ಆಚಿ ಮನಿ ಹಿಡ್ದಾನ. ಅಲ್ಲೇ ಕೂಡ್ತೀನಿ."

"ಅಲ್ಲಿ ಸೈಕಲ್ ಯಾರು ತರ್ತಾರ್ರಿ?"

"ಯಾರೂ ತರಲ್ಲ."

ದುಃಖದಿಂದ ಹೇಳಿದ್ದಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿದರು. ಕೊನೆಗೆ ಗಾಲಿ ಸುತ್ತಿದಾಗ ಸಪ್ಪಳವೇ ಇರಲಿಲ್ಲ. 50 ರೂಪಾಯಿ ಕೊಟ್ಟರೆ 30 ಇಟ್ಟುಕೊಂಡು 20 ವಾಪಸು ಕೊಟ್ಟರು. ಅರ್ಧ ಗಂಟೆ ಕೆಲಸಕ್ಕೆ, ಈ ಬಿಸಿಲಲ್ಲಿ.

ನಮ್ಮ ಮನೆಯ ಮುಂದಿನ ಖೋಲಿ ಖಾಲಿ ಇರೋದು ಅವರಿಗೆ ಗೊತ್ತು. ಟೇಲರ್ ಬಿಟ್ಟು ಹೋದಾಗ ಆ ಕಬ್ಬಿಣದ ಟೇಬಲ್ ಎತ್ತಲು ಕೈ ಕೊಟ್ಟವರೇ ಅವರು. ಆದರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಇದೇ ನನಗೆ ಚುಚ್ಚುತ್ತಿರೋದು.

ಬಾಯಿ ಬಿಡದಿದ್ದಕ್ಕೆ ಕಾರಣ ಇದೆ. ಹೋದ ಭಾನುವಾರ ಮೊಬೈಲ್ ಕವರ್ ಮಾರುವ ಹುಡುಗ ಬಂದಿದ್ದ. ಖೋಲಿಗೆ ತಿಂಗಳಿಗೆ 9,000 ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್ ಅಂದ. ಇವರ, ನನ್ನ ಗಂಡನ, ಮುಖ ಅರಳಿತು. ಅದರಲ್ಲಿ ತಪ್ಪೇನಿದೆ? ಮನೆ ಸಾಲ ಇನ್ನೂ ಆರು ವರ್ಷ ಇದೆ. ಈ ತಿಂಗಳೊಳಗೆ ಮನೆ ತೆರಿಗೆ ಕಟ್ಟಿದರೆ 5 ಪರ್ಸೆಂಟ್ ಕಡಿಮೆ ಆಗ್ತದೆ, ಅದನ್ನೂ ಕಟ್ಟಬೇಕು. ಆ ಖೋಲಿ ಅಂಗಡಿ ಲೆಕ್ಕಕ್ಕೆ ಬರೋದರಿಂದ ಅದಕ್ಕೆ ಮನೆಗಿಂತ ಜಾಸ್ತಿ ದರ. ಚಿಕ್ಕಾಕಿ ನಿನ್ನೆ ಬೆಂಗಳೂರಿಂದ ಫೋನ್ ಮಾಡಿದ್ದಳು, ಪಿಜಿಯಲ್ಲಿ ತಿಂಗಳಿಗೆ 1,500 ಏರಿಸಿದ್ದಾರೆ. ಅವಳ ಗೆಳತಿ ಸೈಕಲ್ ಸರ್ವಿಸಿಗೆ 800 ಕೊಟ್ಟಳಂತೆ. "ಅವ್ವಾ, ಇಲ್ಲಿ ಎಲ್ಲಾ ತುಟ್ಟಿ, ನೀ ಇಲ್ಲಿದ್ರ ಸೈಕಲೂ ತುಳೀಲಿಕ್ಕಾಗ್ತಿರಲಿಲ್ಲ" ಅಂದಳು.

ಇಲ್ಲಿಯೂ ತುಟ್ಟಿಯೇ. 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಶುರುವಾದಾಗ ಸೇಡಂ ರೋಡಿನ ಪ್ಲಾಟಿನ ಮಾತು ಎಲ್ಲರ ಬಾಯಲ್ಲಿ. ನಮ್ಮ ಓಣಿಯಲ್ಲೇ ಇಬ್ಬರು ಹಳೇ ಮನೆ ಮಾರಿ ಆಚೆ ಹೋದರು. ಮನೆ ದೊಡ್ಡದೇ, ಆದರೆ ಕೊತ್ತಂಬರಿ ತರಲೂ ಗಾಡಿ ಬೇಕು ಅಂತಾರೆ. ನಾವು ಹೋಗಲಿಲ್ಲ. ಅತ್ತೆಯ ಮನೆ ಬಿಚ್ಚಿ ಕಟ್ಟಿಸಿದಾಗಲೂ ಹಳೇ ಶಹಾಬಾದ್ ಫರ್ಷಿಯನ್ನೇ ತೊಳೆಸಿ ಮತ್ತೆ ಹಾಸಿಸಿದೆವು. ಈಗಲೂ ಬರಿಗಾಲಲ್ಲಿ ನಿಂತರೆ ತಂಪು. ಈ ಮನೆಯಿಂದ ಆಫೀಸು, ಬಜಾರು, ಶರಣಬಸವೇಶ್ವರ ಗುಡಿ, ಅಪ್ಪನ ಕೆರೆ, ಎಲ್ಲಾ ಸೈಕಲ್ ದೂರದಲ್ಲೇ ಇವೆ. ಪೆಟ್ರೋಲ್ ನೂರು ದಾಟಿ ಎಷ್ಟೋ ದಿನವಾಯ್ತು. ನನ್ನ ಪೆಟ್ರೋಲ್ ಖರ್ಚು ಸೊನ್ನೆ ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೇನೆ.

ಸೊನ್ನೆ ಹೇಗಾಗ್ತದೆ? ಎಂಟು ವರ್ಷದಿಂದ ಆ ಮನುಷ್ಯ 10, 20, 30 ತಗೊಂಡು ಈ ಸೈಕಲ್ ಓಡಿಸಿದ್ದಾರೆ. ನಾನು ಉಳಿಸಿದ ದುಡ್ಡಿನಲ್ಲಿ ಅವರ ಬಿಸಿಲೂ ಇದೆ. ಇವತ್ತು ಆ 20 ರೂಪಾಯಿ ವಾಪಸು ಇಸಕೊಂಡು ಪರ್ಸಿಗೆ ಹಾಕಿಕೊಂಡೆ. ಹಾಕಿಕೊಳ್ಳಬಾರದಿತ್ತು.

ಸಂಜೆ ಇವರಿಗೆ ಹೇಳಿದೆ. ಟೀ ಕುಡಿಯುತ್ತಾ ಪೂರ್ತಿ ಕೇಳಿದರು. "ಎಷ್ಟು ಕೊಡ್ತಾನ ಚಾಚಾ?" ಅಂದರು. ಅವರು ಕೇಳೇ ಇಲ್ಲ ಅಂದೆ. "ಕೇಳದವ್ರಿಗಿ ಹ್ಯಾಂಗ ಕೊಡ್ತಿ?" ಅಂದರು. ಸಿಟ್ಟಲ್ಲಿ ಅಲ್ಲ. ನನಗೂ ಉತ್ತರ ಹೊಳೆಯಲಿಲ್ಲ. ಎದ್ದು ರೊಟ್ಟಿ ಬಡಿಯಲು ಹೋದೆ. ಎರಡು ಹರಿದವು.

ಊಟ ಆದ ಮೇಲೆ ಬೀಗದ ಕೈ ತಗೊಂಡು ಖೋಲಿ ತೆರೆದೆ. ಶಟರ್ ತುಕ್ಕು ಹಿಡಿದಿದೆ. ಟೇಲರ್ ಬಿಟ್ಟ ಚೂರು ಬಟ್ಟೆ, ಒಂದು ಗುಂಡಿ ನೆಲದ ಮೇಲೆ. ನನ್ನ ಸೈಕಲ್ಲನ್ನೇ ಒಳಗೆ ತಂದು ಬೋರಲು ಹಾಕಿ ನೋಡಿದೆ. ಸುತ್ತ ಕೂರಲು ಜಾಗ ಇದೆ. ಇನ್ನೆರಡು ಸೈಕಲ್ ಗೋಡೆಗೆ ಒರಗಿಸಬಹುದು. ಗಾಲಿ ತಿರುಗಿಸಿದೆ, ಎಷ್ಟೋ ಹೊತ್ತು ಸುತ್ತಿತು.

ಮೆಟ್ಟಿಲು ಮಾತ್ರ ಎರಡು ಇವೆ. ಅವರಿಗೆ ಮೊಣಕಾಲು ನೋವು. ಒಂದು ಹಲಗೆ ಹಾಕಿಸಿದರೆ ಸೈಕಲ್ ಹತ್ತುತ್ತದೆ. 4,000 ಅಂತ ನಾನೇ ಹೇಳಿದರೆ ಅವರು ಕರುಣೆ ಅಂದುಕೊಳ್ಳಬಹುದು. 5,000 ಅಂದರೆ ಅವರ ಕೈಲಿ ಆಗುತ್ತದೋ ಇಲ್ಲವೋ. ಆ ಹುಡುಗ ನಾಳೆ ಸಂಜೆ ಅಡ್ವಾನ್ಸ್ ತಗೊಂಡು ಬರ್ತಾನೆ. ಆಫೀಸು ಬಿಟ್ಟ ಮೇಲೆ ಮೊದಲು ಮರದ ಕೆಳಗೆ ಹೋಗಿ, ಆ 20 ರೂಪಾಯಿ ನೆಪ ಮಾಡಿಕೊಂಡು