ಕಟ್ಟಿದವರ ಹೆಸರು ಎಲ್ಲಿ ಬರುತ್ತೆ?

"ಕಟ್ಟಿದ್ದು ನಾನು ಅಂತ ಇದರಲ್ಲಿ ಎಲ್ಲೂ ಬಂದೇ ಇಲ್ವಲ್ಲ ಸಾರ್?"

ಬ್ಯಾಂಕಿನಲ್ಲಿ ಅಕ್ಕ ಕೇಳಿದ ಈ ಮಾತು ವಾರವಿಡೀ ನನ್ನ ತಲೆಯಿಂದ ಇಳಿದಿಲ್ಲ. ಸಾಲದ ಕೌಂಟರಿನಲ್ಲಿದ್ದ ಹುಡುಗ ಮಾನಿಟರನ್ನು ನಮ್ಮ ಕಡೆ ತಿರುಗಿಸಿದ್ದ. ಅದರಲ್ಲಿ ಅಕ್ಕನ ಸಿಬಿಲ್ ವರದಿ, ಅಂದರೆ ಅವಳ ಹೆಸರಿನ ಸಾಲ, ಕಂತುಗಳ ದಾಖಲೆ. ಸಾಲಾಗಿ ತಿಂಗಳುಗಳು, ಒಂದೊಂದರ ಜೊತೆಗೂ ಮೂರಂಕಿಯ ಸಂಖ್ಯೆ: 000, 000, 030, 060, 091. ಆ ತಿಂಗಳ ಹೊತ್ತಿಗೆ ಕಂತು ಎಷ್ಟು ದಿನ ಬಾಕಿಯಿತ್ತು ಅನ್ನುವ ಲೆಕ್ಕ ಅದು. ಅಕ್ಕ ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ಓದಿದಳು. ಪರದೆಯ ಕೆಳತುದಿಯವರೆಗೆ ಹುಡುಕಿ ಆಮೇಲೆ ಕೇಳಿದಳು.

"ಅದು ಬರಲ್ಲ ಮೇಡಂ. ಎಷ್ಟು ದಿನ ಲೇಟ್ ಆಯ್ತು ಅಂತ ಬರುತ್ತೆ, ಅಷ್ಟೇ."

ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನು ಒರಟಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ಇದ್ದದ್ದೇ ಹಾಗಿದೆ ಅನ್ನುವುದು ನನಗೆ ಅರಗುತ್ತಿಲ್ಲ.

ಅಕ್ಕ ತನಗಾಗಿ ಸಾಲ ಮಾಡಿದವಳಲ್ಲ. ಮೈದುನ ಗಾಡಿ ತೆಗೆದುಕೊಂಡಾಗ ಫೈನಾನ್ಸ್ ಕಂಪನಿಯವರು ಜಾಮೀನು ಕೇಳಿದರು, ಇವಳು ಸಹಿ ಹಾಕಿದಳು. ಮನೆಯವರೆಲ್ಲ ಎದುರಿಗೆ ಕೂತು "ಬರೀ ಒಂದು ಸಹಿ ತಾನೇ" ಅನ್ನುವಾಗ ಯಾವ ಅತ್ತಿಗೆ ಇಲ್ಲ ಅಂದಾಳು? ಬರೀ ಸಹಿಯಲ್ಲ ಅದು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆಯದಿದ್ದರೆ, ಸಾಲ ಮಾಡಿದವನ ಹೊಣೆ ಎಷ್ಟೋ ಜಾಮೀನು ನಿಂತವರ ಹೊಣೆಯೂ ಅಷ್ಟೇ. ಸಾಲ ಅವಳ ಸಿಬಿಲ್ ವರದಿಯಲ್ಲೂ ಬಂದು ಕೂರುತ್ತದೆ. ಪಕ್ಕದಲ್ಲಿ 'ಗ್ಯಾರಂಟರ್' ಅಂತ ಇರುತ್ತದೆ ನಿಜ. ಕಂತು ತಪ್ಪಿದರೆ ಅವಳ ಸ್ಕೋರೂ, ಅಂದರೆ ಸಾಲ ಕೊಡುವವರು ನೋಡುವ ಅಂಕವೂ, ಇಳಿಯುತ್ತದೆ.

2022ರಲ್ಲಿ ಮೈದುನ ಕಟ್ಟುವುದನ್ನು ನಿಲ್ಲಿಸಿದ. ಫೋನ್ ತೆಗೆಯುವುದನ್ನೂ ನಿಲ್ಲಿಸಿದ. ಕೈಯಲ್ಲಿ ದುಡ್ಡಿಲ್ಲದವರನ್ನು ನಾನು ಹಳಿಯುವುದಿಲ್ಲ, ಯಾರಿಗಾದರೂ ಬರಬಹುದಾದ ಕಷ್ಟ. ಆದರೆ "ಅತ್ತಿಗೆ, ಈ ತಿಂಗಳು ನನ್ನ ಕೈಲಾಗಲ್ಲ" ಅಂತ ಒಂದು ಮಾತು ಹೇಳಬಹುದಿತ್ತು. ಅದಕ್ಕೆ ದುಡ್ಡು ಬೇಡ. ಅಕ್ಕನಿಗೆ ಗೊತ್ತಾದದ್ದು ನೋಟಿಸ್ ಬಂದ ಮೇಲೆ, ಮೂರು ಕಂತು ಬಾಕಿ ಬಿದ್ದ ಮೇಲೆ. 90 ದಿನ ದಾಟಿತೆಂದರೆ ಅದು ಎನ್‌ಪಿಎ, ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ.

ಆಗ ಸಾಲ ವಸೂಲಿಯವನು ಅಕ್ಕನ ಜೆರಾಕ್ಸ್ ಅಂಗಡಿಗೇ ಬಂದು ಒಂದು ದಾರಿ ತೋರಿಸಿದ: ಅರ್ಧದಷ್ಟು ಒಟ್ಟಿಗೆ ಕಟ್ಟಿ, ಸೆಟ್ಲ್‌ಮೆಂಟ್ ಮಾಡಿಕೊಡ್ತೀವಿ. ಕೇಳಲು ಹಿತವಾದ ಮಾತು. ದಾಖಲೆ ಜೆರಾಕ್ಸ್ ಮಾಡಿಸಲು ಬರುತ್ತಿದ್ದ ಬ್ಯಾಂಕಿನ ನಿವೃತ್ತ ಗುಮಾಸ್ತರೊಬ್ಬರು ಅಕ್ಕನನ್ನು ತಡೆದರು. "ಸೆಟ್ಲ್ ಆದ್ರೆ ವರದಿಯಲ್ಲಿ ಸೆಟ್ಲ್ಡ್ ಅಂತಾನೇ ಬರುತ್ತಮ್ಮ. ಪೂರ್ತಿ ಕಟ್ಟಿದ್ರೆ ಕ್ಲೋಸ್ಡ್. ಸೆಟ್ಲ್ಡ್ ಕಂಡ್ರೆ ಯಾವ ಬ್ಯಾಂಕಿನವರೂ ಹತ್ತು ಸಲ ಯೋಚನೆ ಮಾಡ್ತಾರೆ" ಅಂದರು. ಈ ಕತೆಯಲ್ಲಿ ನಾನು ಕೈಮುಗಿಯುವ ಮನುಷ್ಯ ಅವರೊಬ್ಬರೇ.

ಅಕ್ಕ ಪೂರ್ತಿ ಕಟ್ಟಿದಳು. ಒಂದು ಪ್ರತಿಗೆ ಇಷ್ಟು ಅಂತ ಚಿಲ್ಲರೆ ಎಣಿಸುವ ಜೆರಾಕ್ಸ್ ಅಂಗಡಿಯ ದುಡಿಮೆಯಲ್ಲಿ ಹಳೆ ಬಾಕಿ, ದಂಡ, ಉಳಿದ ಕಂತು ಎಲ್ಲವನ್ನೂ ಕಟ್ಟಿದಳು. ಅವಳ ಫೈಲನ್ನು ನಾನು ಬ್ಯಾಂಕಿನಲ್ಲೇ ಮೊದಲು ನೋಡಿದ್ದು. ದುಡ್ಡು ಹಾಕಿದಾಗ ಮಷೀನಿನಿಂದ ಬರುವ ಆ ನುಣುಪು ಕಾಗದದ ಚೀಟಿಗಳು ಎಷ್ಟೋ ಪೂರ್ತಿ ಮಾಸಿ ಬಿಳಿಚಿಕೊಂಡಿದ್ದವು. ಆದರೆ ಪ್ರತಿ ಚೀಟಿಯನ್ನೂ ಅದೇ ದಿನ ಜೆರಾಕ್ಸ್ ಮಾಡಿ ಹಿಂದೆ ಪಿನ್ ಹೊಡೆದಿದ್ದಳು, ಮೂಲೆಯಲ್ಲಿ ತಾರೀಖು ಬರೆದಿದ್ದಳು. ಕೊನೆಯ ಹಾಳೆ ಕಂಪನಿಯ ನೋ ಡ್ಯೂ ಸರ್ಟಿಫಿಕೇಟ್, ಇನ್ನು ಬಾಕಿಯಿಲ್ಲ ಅನ್ನುವ ಪತ್ರ.

ಇಷ್ಟಾಗಿಯೂ ಹೊಸ ಜೆರಾಕ್ಸ್ ಮಷೀನಿಗೆ ಅವಳು ಕೇಳಿದ ಸಾಲ ಆಗಲಿಲ್ಲ. ಮುಗಿದು ಹೋದ ಸಾಲ ಪರದೆಯ ಮೇಲೆ ಇನ್ನೂ ಬಾಕಿ ಅಂತಲೇ ಇತ್ತು!

ಅಲ್ಲಿ ಕೂತೇ ನನಗೆ ಹೊಳೆದದ್ದು, ಇದರಲ್ಲಿ ಎರಡು ಬೇರೆ ಬೇರೆ ನೋವುಗಳಿವೆ ಎಂದು. ಒಂದು ಸುಳ್ಳು: ತೀರಿದ ಸಾಲ ತೀರಿಲ್ಲ ಅನ್ನುವುದು. ಇನ್ನೊಂದು ನಿಜ, ಆದರೆ ಅನ್ಯಾಯ: ಆ 030, 060, 091. ಮೊದಲನೆಯದನ್ನು ಅಳಿಸಬಹುದು. ಎರಡನೆಯದನ್ನು ಅಳಿಸಲು ಯಾರಿಂದಲೂ ಆಗದು. ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕೆಂಬುದು ನಿಯಮ. ಅದರ ಮೇಲೆ ಒಳ್ಳೆಯ ತಿಂಗಳುಗಳನ್ನು ಪೇರಿಸುತ್ತಾ ಹೋಗುವುದೊಂದೇ ದಾರಿ.

ಇವೆರಡರ ವ್ಯತ್ಯಾಸ ಗೊತ್ತಿಲ್ಲದವರನ್ನೇ ಸುಲಿಯುವ ಜನರಿದ್ದಾರೆ. ಬ್ಯಾಂಕಿನಿಂದ ಹೊರಗೆ ಬಂದದ್ದೇ ತಡ, ಪರಿಚಯದವನೊಬ್ಬ "ದುಡ್ಡು ಕೊಟ್ರೆ ಒಂದೂವರೆ ತಿಂಗಳಲ್ಲಿ ಸ್ಕೋರ್ 750 ದಾಟಿಸ್ತಾರೆ" ಅಂತ ಒಂದು ನಂಬರ್ ಕಳಿಸಿದ. ನನಗೆ ಮೈ ಉರಿದುಹೋಯಿತು. ಸಾಲ ಕೊಟ್ಟವರು ಒಪ್ಪಿ ಕಳಿಸದೆ ವರದಿಯ ಒಂದು ಅಂಕಿಯನ್ನೂ ಸಿಬಿಲ್‌ನವರು ತಾವಾಗಿ ತಿದ್ದುವುದಿಲ್ಲ. ನಡುವಿನ ಈ ದಲ್ಲಾಳಿ ಏನು ತಿದ್ದುತ್ತಾನೆ? ತಪ್ಪಿದ್ದರೆ ತಿದ್ದಿಸಿಕೊಳ್ಳಲು ನಾವೇ ದೂರು ಕೊಡಬಹುದು, ಒಂದು ಪೈಸೆ ಖರ್ಚಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಇಂಥ ವರದಿ ತಯಾರಿಸುವ ಈ ನಾಲ್ಕು ಸಂಸ್ಥೆಯವರೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಮ್ಮ ವರದಿಯನ್ನು ನಾವು ನೋಡಿದರೆ ಸ್ಕೋರ್ ಇಳಿಯುವುದೂ ಇಲ್ಲ.

ಅವತ್ತು ಸಂಜೆ ಅಂಗಡಿಯಲ್ಲೇ ಕೂತು ಸಿಬಿಲ್‌ಗೆ ಆನ್‌ಲೈನ್‌ನಲ್ಲಿ, ಫೈನಾನ್ಸ್ ಕಂಪನಿಗೆ ಇಮೇಲ್‌ನಲ್ಲಿ ದೂರು ಹಾಕಿದೆವು, ಸರ್ಟಿಫಿಕೇಟಿನ ಪ್ರತಿಯ ಸಮೇತ. 30 ದಿನದೊಳಗೆ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಮಾಡಿದೆ. ಅದಕ್ಕೂ ಬಗ್ಗದಿದ್ದರೆ ದೂರು ವಿಚಾರಿಸಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಒಳ್ಳೆಯ ತಿಂಗಳುಗಳನ್ನು ಪೇರಿಸಲೆಂದು ಅಕ್ಕ ಈ ನಡುವೆ ಸಣ್ಣ ಮೊತ್ತದ ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುತ್ತಿದ್ದಾಳೆ. ಮಿತಿಯ ಮೂರನೇ ಒಂದು ಭಾಗವನ್ನೂ ಮುಟ್ಟದೆ, ಬಿಲ್ಲಿನ ಪೂರ್ತಿ ಮೊತ್ತವನ್ನು ಗಡುವಿನೊಳಗೆ ಕಟ್ಟುತ್ತಾ ಹೋಗುವ ಲೆಕ್ಕಾಚಾರ. ಬೇರೆ ಬ್ಯಾಂಕುಗಳಿಗೆ ಸದ್ಯಕ್ಕೆ ಅರ್ಜಿ ಹಾಕುವುದಿಲ್ಲ, ಪ್ರತಿ ಅರ್ಜಿಯ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ.

ಇದೆಲ್ಲ ಆಗುತ್ತದೆ. ಅಕ್ಕ ಹಿಡಿದ ಕೆಲಸ ಬಿಡುವವಳಲ್ಲ. ಆದರೆ "ಕಟ್ಟಿದ್ದು ನಾನು ಅಂತ ಬಂದೇ ಇಲ್ವಲ್ಲ" ಅನ್ನುವುದಕ್ಕೆ ಉತ್ತರ ಸಿಕ್ಕಿಲ್ಲ. ಅವಳು ಕಟ್ಟಿದ್ದರಿಂದ ಮೈದುನನ ವರದಿಯಲ್ಲೂ ಸಾಲ ಮುಗಿಯುತ್ತದೆ. ನಾಳೆ ಅವನೂ ಅವಳೂ ಒಂದೇ ಬ್ಯಾಂಕಿಗೆ ಹೋದರೆ ಈ ಸಾಲದ ಮಟ್ಟಿಗೆ ಇಬ್ಬರದೂ ಒಂದೇ ಚರಿತ್ರೆ: ಇಷ್ಟು ದಿನ ತಡ, ಆಮೇಲೆ ತೀರಿದೆ. ಓಡಿಹೋದವನು ಯಾರು, ನಿಂತು ತೀರಿಸಿದವಳು ಯಾರು? ನೋಡುವವರಿಗೆ ತಿಳಿಯುವುದಿಲ್ಲ. ಸಾಲ ತೀರಿಸುವ ಬುದ್ಧಿ ಇದೆಯೋ ಇಲ್ಲವೋ ಎಂದು ಅಳೆಯಲೆಂದೇ ಹುಟ್ಟಿದ ಲೆಕ್ಕ ಇದು. ಬೇರೆಯವರ ಸಾಲವನ್ನೂ ಕೊನೆಯ ರೂಪಾಯಿವರೆಗೆ ತೀರಿಸಿದವಳಿಗಿಂತ ನಂಬಿಕಸ್ಥರು ಇನ್ನಾರು ಬೇಕು?

ಅದೇ ಕರಾರು ಕಾಯ್ದೆಯ 145ನೇ ಕಲಮಿನಲ್ಲಿ, ಜಾಮೀನುದಾರರು ನ್ಯಾಯವಾಗಿ ಕಟ್ಟಿದ್ದನ್ನು ಸಾಲಗಾರನಿಂದ ವಸೂಲಿ ಮಾಡಿಕೊಳ್ಳುವ ಹಕ್ಕಿದೆ. ಭಾವ "ಮನೆ ವಿಷಯ, ಬೇಡ ಬಿಡು" ಅನ್ನುತ್ತಾರೆ. ಭಾವ ಒಳ್ಳೆಯ ಮನುಷ್ಯ, ಆದರೆ ಈ ವಿಷಯದಲ್ಲಿ ಅವರ ಮಾತು ನನಗೆ ಸರಿ ಕಾಣುವುದಿಲ್ಲ. ಸಹಿ ಹಾಕಿಸುವಾಗ ಮನೆ ವಿಷಯ, ಕಟ್ಟುವಾಗ ಅವಳೊಬ್ಬಳ ವಿಷಯವೇ?

ಕಂತು ತಪ್ಪಿದ್ದನ್ನು ಸಿಬಿಲ್‌ನಂಥ ಸಂಸ್ಥೆಗಳಿಗೆ ತಿಳಿಸುವಾಗ ಗ್ರಾಹಕರಿಗೂ ಎಸ್‌ಎಂಎಸ್ ಇಲ್ಲವೇ ಇಮೇಲ್ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ ಈಗ ಹೇಳಿದೆ. ಅಕ್ಕನ ಪಾಲಿಗೆ ಅದು ತಡವಾಗಿ ಬಂತು. ಆ ಸಂದೇಶ ಸಾಲ ಮಾಡಿದವನಿಗೆ ಹೋದರೆ ಸಾಲದು. ಅವನಿಗೆ ತಾನು ಕಟ್ಟಿಲ್ಲ ಅನ್ನುವುದು ಗೊತ್ತೇ ಇರುತ್ತದೆ. ಗೊತ್ತಾಗಬೇಕಾದದ್ದು ಜಾಮೀನು ನಿಂತವರಿಗೆ, ಅದೂ ಮೊದಲ ಕಂತು ತಪ್ಪಿದ ವಾರವೇ. ಸಹಿ ಹಾಕಿಸಿಕೊಂಡ ದಿನ ಅಕ್ಕನ ಮೊಬೈಲ್ ನಂಬರನ್ನು ಅರ್ಜಿಯಲ್ಲಿ ಎರಡು ಕಡೆ ಬರೆಸಿಕೊಂಡಿದ್ದರು. ಅದಕ್ಕೊಂದು ಮೆಸೇಜ್ ಹಾಕಿದ್ದರೆ ಅವಳು ಆ ತಿಂಗಳೇ ಕಟ್ಟಿರುತ್ತಿದ್ದಳು.